ಅಂಗಿಯ ಅಂಚಿನಲ್ಲಿ ಹೊಲಿದ ತಾಯತ

ಲೇಯಕ್ಕ, ಆ ಶನಿವಾರ ಸುಳ್ಳು ಹೇಳಿದವರು ನೀವಲ್ಲ, ನಾನು. ಅದಕ್ಕೂ ಮುಂಚೆ ಒಂದು ಭಾನುವಾರ, ನನ್ನ ಮಗ ಯೋನನ ಜ್ವರ ಬರೀ ಪ್ರಾರ್ಥನೆಯಿಂದ ಬಿಟ್ಟಿತೆಂದು ಚನ್ನಗಿರಿಯ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆನಲ್ಲ, ಆಗ ಅವನು ತೊಟ್ಟಿದ್ದ ಅಂಗಿಯ ಅಂಚಿನೊಳಗೆ ತಾಯತವಿತ್ತು. ಅದನ್ನು ಒಳಗಿಟ್ಟು ಹೊಲಿದವಳು ನಾನೇ. ಕಂಡವರು ನೀವೊಬ್ಬರೇ. ಹಾಗೆ ಕಂಡ ನಿಮ್ಮನ್ನೇ ಪ್ರಭು ಭೋಜನದಿಂದ ಹೊರಗಿಡಿಸಿದವಳೂ ನಾನೇ.

ಇಷ್ಟು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಎಷ್ಟೋ ಸಲ ಕೂತೆ — "ಪ್ರಿಯ ಲೇಯಾ" ಎಂದು ಬರೆದು, ಮುಂದೆ ನಿಮ್ಮ ಊರು ಬಿಳಿಚೋಡಿನಲ್ಲಿ ಮಳೆ ಹೇಗಿದೆ, ಕುರಿಗಳು ಹೇಗಿವೆ ಎಂದು ಕೇಳಿ, ಕಾಗದ ಹರಿದು ಒಲೆಗೆ ಹಾಕಿದೆ. ನಿಮಗೆ ಓದು ಬಾರದು, ನಿಮ್ಮ ಮಗಳು ಸಾರಿಯೇ ಓದಿ ಹೇಳಬೇಕು. ಅವಳಿಗೆ ಅಕ್ಷರ ಕಲಿಸಿದವಳು ನಾನು. ಮಗಳೇ ಸಾರಿ, ನಿನ್ನಮ್ಮನಿಗೆ ಇದನ್ನು ಓದುವಾಗ ನನ್ನ ಮೇಲಿನ ಮರ್ಯಾದೆಗೆ ಒಂದು ಸಾಲನ್ನೂ ನುಂಗಬೇಡ.

ಆಗ ನಾನೆಂಥವಳಾಗಿದ್ದೆ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಈ ಕಾಗದವನ್ನು ಬೇರೆಯವರ ಮುಂದೆಯೂ ಓದಲಿಕ್ಕಿದೆ, ಆದ್ದರಿಂದ ಹೇಳುತ್ತೇನೆ. ನಾನು ಊರಲ್ಲೇ ಇದ್ದು ಸಭೆಗೆ ಬೋಧನೆ ಮಾಡುವ ಉಪದೇಶಿಯ ಹೆಂಡತಿ, ಎಸ್ತೇರಮ್ಮ. ಚನ್ನಗಿರಿಯ ನಮ್ಮ ಪುಟ್ಟ ಸಭೆಯಲ್ಲಿ ಹೆಂಗಸರ ವರ್ಗಕ್ಕೆ ನಾನೇ ನಾಯಕಿ. ಪರಿಶುದ್ಧವಾಗಿ ಬಾಳಬೇಕೆಂದು ನಿಜವಾಗಿಯೂ ಹಟ ತೊಟ್ಟಿದ್ದೆ — ಅದು ನಾಟಕವಾಗಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗ "ಆಚೆಯವಳು ಕಡಿಮೆಗೆ ಕೊಡ್ತಾಳೆ" ಎಂಬ ಸುಳ್ಳನ್ನೂ ಆಡುತ್ತಿರಲಿಲ್ಲ. ಯುಗಾದಿಗೆ ಪಕ್ಕದ ಮನೆಯಿಂದ ಬಂದ ಹೋಳಿಗೆಯನ್ನು, ಮೂರ್ತಿಗೆ ಎಡೆ ಮಾಡಿದ್ದೆಂದು, ಬಾಯಲ್ಲಿ ನೀರೂರುತ್ತಿದ್ದರೂ ಹಿಂದಕ್ಕೆ ಕಳಿಸುತ್ತಿದ್ದೆ. ನೆರೆಯ ಅಮೀನಾಬಿಯ ಮನೆಯ ರಂಜಾನ್ ಪಾಯಸಕ್ಕೆ ಮಾತ್ರ ಆ ದೋಷವಿಲ್ಲವೆಂದು ನನ್ನಷ್ಟಕ್ಕೆ ತರ್ಕ ಮಾಡಿಕೊಂಡು ಎರಡು ಬಟ್ಟಲು ಕುಡಿಯುತ್ತಿದ್ದೆ. ರಾತ್ರಿ ಮಲಗುವ ಮುಂಚೆ ದಿನದ ಸಿಟ್ಟು, ಹೊಟ್ಟೆಕಿಚ್ಚು, ಚಾಡಿಮಾತು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಎಷ್ಟೋ ದಿನ ಬರೆಯಲು ಏನೂ ಇರುತ್ತಿರಲಿಲ್ಲ. ಆ ಖಾಲಿ ಹಾಳೆಗಳನ್ನು ನೋಡಿ ಹಿಗ್ಗುತ್ತಿದ್ದೆ, ಆ ಹಿಗ್ಗನ್ನು ಬರೆದಿಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ.

ನಮ್ಮಲ್ಲಿ ಚೀಟಿಯ ಪದ್ಧತಿಯಿತ್ತು. ಮೂರು ತಿಂಗಳಿಗೊಮ್ಮೆ ಅಯ್ಯನವರು, ಅಂದರೆ ಸಭಾಪಾಲಕರು, ಪ್ರಭು ಭೋಜನ ಕೊಡಲು ಬರುತ್ತಿದ್ದರು. ಹಿಂದಿನ ದಿನ, ಶನಿವಾರ, ಎಲ್ಲರನ್ನೂ ಕೂರಿಸಿ ನಡತೆಯ ವಿಚಾರಣೆ. ಸರಿಯಾಗಿ ನಡೆದವರಿಗೆ ಹೆಸರು ಬರೆದ ಒಂದು ಚೀಟಿ. ಅದಿಲ್ಲದವರಿಗೆ ಮಾರನೆಯ ದಿನ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಹೆಂಗಸರ ಚೀಟಿಗಳನ್ನು ನನ್ನ ಕೈಯಿಂದಲೇ ಕೊಡಿಸುತ್ತಿದ್ದರು. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಅಯ್ಯನವರು ಮೊದಲು ನನ್ನ ಮುಖ ನೋಡುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ಕಾರ್ತಿಕದ ಹೊತ್ತಿಗೆ, ಯೋನನಿಗೆ ಚಳಿಜ್ವರ ಬಂತು. ನಾಲ್ಕು ವರ್ಷದ ಕೂಸು. ದಿನ ಬಿಟ್ಟು ದಿನ ಮಧ್ಯಾಹ್ನಕ್ಕೆ ಸರಿಯಾಗಿ ನಡುಕ ಶುರುವಾಗುತ್ತಿತ್ತು — ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ದವಾಖಾನೆಯ ಕ್ವಿನೈನ್ ಕುಡಿಸಿದೆ, ಅರ್ಧ ವಾಂತಿಯಾಯಿತು. ಪ್ರಾರ್ಥಿಸಿದೆ. ಸಭೆಯೆಲ್ಲ ಬಂದು ಪ್ರಾರ್ಥಿಸಿತು, ನೀವೂ ಬಂದು ಅವನ ಪಾದ ಹಿಡಿದು ಕೂತಿದ್ದಿರಿ. ಮೂರನೆಯ ವಾರ ಅವನು ನನ್ನನ್ನು ಗುರುತಿಸಲಿಲ್ಲ. ಯಜಮಾನರು ಆ ತಿಂಗಳೆಲ್ಲ ಬೋಧನೆಗೆ ಹಳ್ಳಿಗಳಿಗೆ ಹೋಗಿದ್ದರು, ಔಷಧ ಆರೈಕೆ ಎಲ್ಲ ನನ್ನ ಕೈಯಲ್ಲೇ ಇತ್ತು. ಆ ಮಧ್ಯಾಹ್ನ, ಪಾತ್ರೆಗೆ ಕಲಾಯಿ ಹಾಕುವ ಸಾಬರ ಹೆಂಡತಿ ಅಮೀನಾಬಿ ಹಿತ್ತಲ ಬಾಗಿಲಿಂದ ಬಂದು, ಸೆರಗಿನ ಗಂಟು ಬಿಚ್ಚಿ, ಕಡ್ಡಿಯಷ್ಟು ಸಣ್ಣ ತಾಮ್ರದ ತಾಯತ ತೆಗೆದಳು.

"ನೋಡು ಎಸ್ತೇರಮ್ಮ, ನಿನ್ನ ದೇವ್ರು ನನ್ನ ದೇವ್ರು ಅಂತ ಆಮ್ಯಾಕೆ ಜಗಳ ಆಡಾನ. ಮೊದ್ಲು ಮಗ ಏಳ್ಲಿ."

ಅವಳು ಕೊಟ್ಟದ್ದು ಪ್ರೀತಿಯಿಂದ. ಅವಳ ಮೇಲೆ ಒಂದು ಮಾತೂ ಬರಬಾರದು. ಬೇಡವೆನ್ನಬಹುದಿತ್ತು, ಇಲ್ಲವೇ ಕಟ್ಟಿ, ಸಭೆಯ ಮುಂದೆ ಹೋಗಿ "ಹೆದರಿದೆ, ಕಟ್ಟಿದೆ" ಎನ್ನಬಹುದಿತ್ತು. ಎರಡೂ ಮಾಡಲಿಲ್ಲ. ತೋಳಿಗೆ ಕಟ್ಟಿದರೆ ಕಾಣುತ್ತದೆಂದು, ಅವನ ಕಪ್ಪು ಅಂಗಿಯ ಅಂಚು ಬಿಚ್ಚಿ, ಒಳಗಿಟ್ಟು, ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿದೆ. ಹೊಲಿಯುವಾಗ ಕೀರ್ತನೆ ಗುನುಗುತ್ತಿದ್ದೆ — ಯಾರಾದರೂ ಬಂದರೆ ಎಂದು.

ಆರು ದಿನಕ್ಕೆ ಜ್ವರ ಬಿಟ್ಟಿತು. ಯಾವುದರಿಂದ? ನನಗೆ ಗೊತ್ತಿಲ್ಲ, ಅಕ್ಕ. ಹೊಟ್ಟೆಯಲ್ಲಿ ಉಳಿದ ಕ್ವಿನೈನಿನಿಂದಲೋ, ನೀವು ಪಾದ ಹಿಡಿದು ಮಾಡಿದ ಪ್ರಾರ್ಥನೆಯಿಂದಲೋ. ಗೊತ್ತಿಲ್ಲ ಎಂದೇ ಹೇಳಬೇಕಿತ್ತು. ಭಾನುವಾರ ನಾನು ಎದ್ದು ನಿಂತು, "ಇತರ ಯಾವ ಆಸರೆಯನ್ನೂ ಹುಡುಕದೆ ದೇವರೊಬ್ಬನನ್ನೇ ನಂಬಿದೆ" ಎಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯೋನ ಅದೇ ಅಂಗಿ ತೊಟ್ಟು ನನ್ನ ಮಗ್ಗುಲಲ್ಲಿ ನಿಂತಿದ್ದ. ತೆಗೆದರೆ ಜ್ವರ ಮತ್ತೆ ಬಂದೀತೆಂಬ ಹೆದರಿಕೆಗೆ ತಾಯತವನ್ನು ಹಾಗೇ ಬಿಟ್ಟಿದ್ದೆ.

ಸೋಮವಾರ ನೀವು ಬಂದು, "ಅಮ್ಮೋರೆ, ನಿದ್ದೆಗೆಟ್ಟೀರಿ, ಬಟ್ಟೆ ನಾ ಒಗದು ಕೊಡ್ತೀನಿ" ಎಂದು ರಾಶಿಯನ್ನೆಲ್ಲ ಎತ್ತಿಕೊಂಡು ಹೋದಿರಿ. ಆ ಅಂಗಿಯೂ ರಾಶಿಯಲ್ಲಿದೆಯೆಂದು ನನಗೆ ಆಮೇಲೆ ನೆನಪಾಯಿತು. ಸಂಜೆ ಒಣಗಿದ ಬಟ್ಟೆ ಮಡಚಿ ತಂದಿಟ್ಟು, ಏನೂ ಹೇಳದೆ ಹೋದಿರಿ. ಅಂಗಿ ತೆಗೆದು ನೋಡಿದೆ. ಕಲ್ಲಿಗೆ ಬಡಿದಾಗ ಹೊಲಿಗೆ ಬಿಟ್ಟಿರಬೇಕು — ತಾಯತ ಅಲ್ಲೇ ಇತ್ತು, ಆದರೆ ಅಂಚಿಗೆ ಹೊಸದಾಗಿ ಹೊಲಿಗೆ ಹಾಕಿತ್ತು. ನಿಮ್ಮ ಮನೆಯಲ್ಲಿ ಕಪ್ಪು ದಾರ ಇರಲಿಲ್ಲವೇನೋ. ಕಪ್ಪು ಬಟ್ಟೆಯ ಮೇಲೆ ಏಳು ಬಿಳಿ ಹೊಲಿಗೆ.

ನೀವು ನನ್ನ ಮಾನ ಮುಚ್ಚಿದ್ದಿರಿ. ನಾನು ಅದನ್ನು ಹಾಗೆ ನೋಡಲಿಲ್ಲ. ಇವಳಿಗೆ ಗೊತ್ತು, ಇವಳು ಯಾವತ್ತಾದರೂ ಬಾಯಿ ಬಿಡುತ್ತಾಳೆ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಬಾವಿಯ ಹತ್ತಿರ ನೀವು ಯಾರೊಡನೆ ನಕ್ಕರೂ ನನ್ನ ಮಾತೇ ಎಂದುಕೊಂಡು, ಕೊಡ ತುಂಬುವ ಮುಂಚೆಯೇ ಎತ್ತಿಕೊಂಡು ಬರುತ್ತಿದ್ದೆ. ವರ್ಗದಲ್ಲಿ ನೀವು ತಲೆಯೆತ್ತಿ ನನ್ನನ್ನು ನೋಡಿದರೆ ಓದುತ್ತಿದ್ದ ವಚನ ತಪ್ಪುತ್ತಿತ್ತು. ರಾತ್ರಿಯ ಪುಸ್ತಕದಲ್ಲಿ ಮಾತ್ರ ಹಾಳೆಗಳು ಖಾಲಿಯಾಗಿಯೇ ಉಳಿದವು.

ಅಷ್ಟರಲ್ಲಿ ನನ್ನ ಸಾಕ್ಷಿಯ ಸುದ್ದಿ ಹಬ್ಬಿತ್ತು. ಹೊನ್ನಾಳಿಯವರು ಕರೆದರು, ನ್ಯಾಮತಿಯವರು ಕರೆದರು, ಜಗಳೂರಿನವರು ಗಾಡಿ ಕಳಿಸಿದರು. ಯಜಮಾನರು ನನ್ನ ಜೊತೆ ಬಂದು, ಪ್ರತಿ ಊರಲ್ಲೂ ಮುಂದಿನ ಸಾಲಿನಲ್ಲಿ ಕೂತು ಕೇಳಿದರು. ಹೊನ್ನಾಳಿಯಲ್ಲಿ ನಾನು ಮೂರು ದಿನದ ಉಪವಾಸವನ್ನು ಸೇರಿಸಿದೆ. ನ್ಯಾಮತಿಯಲ್ಲಿ ಮಗುವಿನ ಹಣೆಯ ಮೇಲೆ ಬೆಳಕು ಕಂಡೆನೆಂದೆ. ಜಗಳೂರಿನಲ್ಲಿ — ಇದನ್ನು ಬರೆಯಲು ಎಲ್ಲಕ್ಕಿಂತ ನಾಚಿಕೆ — ಔಷಧವನ್ನೂ ಮುಟ್ಟಿಸಲಿಲ್ಲವೆಂದೆ. ಕೂಟ ಮುಗಿದ ಮೇಲೆ ಕಂಕುಳಲ್ಲಿ ಬಿಸಿ ಮೈಯ ಕೂಸನ್ನು ಹೊತ್ತ ಒಬ್ಬಾಕೆ ಬಂದು, "ಹಂಗಾರೆ ಗುಳಿಗಿ ಬಿಡ್ಲೇನ್ರಿ ಅಮ್ಮೋರೆ?" ಎಂದಳು. "ನಿನ್ನ ನಂಬಿಕೆಯಿದ್ದಂತೆ" ಎಂದು ಗಾಡಿ ಹತ್ತಿದೆ. ಆ ಕೂಸು ಏನಾಯಿತೋ, ನಾನು ಕೇಳಲು ಹೋಗಲಿಲ್ಲ.

ಆಮೇಲೆ ನಿಮ್ಮ ಸಾರಿಗೆ ಜ್ವರ ಬಂತು. ನೀವು ಅಮೀನಾಬಿಯ ಹತ್ತಿರ ಹೋಗಿ ತಾಯತ ತಂದು, ಎಲ್ಲರಿಗೂ ಕಾಣುವ ಹಾಗೆ ತೋಳಿಗೆ ಕಟ್ಟಿದಿರಿ. ಉಪದೇಶಿಯ ಮನೆಯಲ್ಲೇ ನಡೆಯುವುದು ತಪ್ಪಲ್ಲವೆಂದು ನೀವು ನಂಬಿದ್ದಿರಿ. ಜ್ವರ ಬಿಡುವ ಮೊದಲೇ ಚೀಟಿಯ ಶನಿವಾರ ಬಂದಾಗ, ಮಗುವನ್ನು ಮನೆಯಲ್ಲಿ ಬಿಡಲಾಗದೆ ಮಡಿಲಲ್ಲಿ ಹಾಕಿಕೊಂಡೇ ಬಂದು ಕೂತಿರಿ. ಅಯ್ಯನವರು ತೋಳಿನ ಕಪ್ಪು ದಾರ ನೋಡಿದರು. ಅವರು ಕಠಿಣ ಮನುಷ್ಯರಲ್ಲ, ಮೆಲ್ಲಗೇ ಕೇಳಿದರು.

"ತೆಪ್ಪಂತ ತಿಳೀಲಿಲ್ರಿ ಅಯ್ಯನೋರೆ," ಎಂದಿರಿ ನೀವು. "ದೊಡ್ಡೋರ ಮನ್ಯಾಗೂ ಕಟ್ಟಿದ್ದು ಕಂಡಿದ್ದೆ. ಅದುಕ್ಕೇ ನಡೀತೈತೆ ಅನ್ಕಂಡೆ."

"ದೊಡ್ಡವರು ಅಂದರೆ? ನಮ್ಮ ಸಭೆಯವರೇ?"

ನೀವು ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದಿರಿ, ಅಷ್ಟೇ. ಆ ನೋಟದಲ್ಲಿ ಬೆದರಿಕೆಯಿರಲಿಲ್ಲ. ನಾನೇ ಹೇಳುತ್ತೇನೆಂದು ನೀವು ಕಾದಿರಿ — ನನಗೆ ಈಗ ಅನ್ನಿಸುತ್ತದೆ, ಅನುಮಾನವೇ ಇಲ್ಲದೆ ಕಾದಿರಿ. ಎಲ್ಲರ ಕಣ್ಣೂ ನಿಮ್ಮ ನೋಟದ ಹಿಂದೆ ನನ್ನ ಕಡೆ ತಿರುಗಿತು. ಯಜಮಾನರ ಕಣ್ಣೂ ತಿರುಗಿತು. ಒಂದು ಮಾತು, ಅಕ್ಕ — "ನಾನು" ಎಂಬ ಒಂದೇ ಮಾತು ಸಾಕಿತ್ತು. ಹೊನ್ನಾಳಿ, ನ್ಯಾಮತಿ, ಜಗಳೂರು ಮೂರೂ ಕಣ್ಣ ಮುಂದೆ ಬಂದವು. ಬಾಯಿ ತೆರೆದೆ.

"ಸುಳ್ಳು ಹೇಳಬ್ಯಾಡ ಲೇಯಾ. ದೇವರ ಮನ್ಯಾಗೆ ಕುಂತೀಯ."

ನೀವು ಮಡಿಲ ಮಗುವಿನ ಹೊದಿಕೆ ಸರಿಮಾಡಿದಿರಿ. ಸಾರಿಯ ಉಸಿರು ಎಲ್ಲರಿಗೂ ಕೇಳುತ್ತಿತ್ತು. ಆಮೇಲೆ ತಲೆ ತಗ್ಗಿಸಿ, "ಹೂಂ ಅಯ್ಯನೋರೆ, ಸುಳ್ಳು ಹೇಳಿದ್ದೇ" ಎಂದಿರಿ. ನನಗೆ ಉಸಿರು ಬಂತು. ಹೌದು, ನೆಮ್ಮದಿಯೇ ಆಯಿತು — ಅದನ್ನೂ ಬರೆದುಬಿಡುತ್ತೇನೆ. ತಾಯತ ಕಟ್ಟಿದ್ದಕ್ಕೆ ಒಂದು ಸಲಕ್ಕೆ ಚೀಟಿ ನಿಲ್ಲಿಸುತ್ತಿದ್ದರು, ಸುಳ್ಳೂ ಸೇರಿದ್ದರಿಂದ ಎರಡು ಸಲಕ್ಕೆ ನಿಂತಿತು. ದಾರ ಕತ್ತರಿಸಬೇಕೆಂದಾಗ ನಾನು ಎದ್ದು ಹೋಗಿ ನನ್ನ ಹೊಲಿಗೆಯ ಕತ್ತರಿ ತಂದು ನಿಮ್ಮ ಕೈಗೆ ಕೊಟ್ಟೆ. ಯೋನನ ಅಂಗಿಗೆ ದಾರ ಕತ್ತರಿಸಿದ್ದೂ ಅದರಿಂದಲೇ. ಎರಡು ಸಲ ದಾರ ತಪ್ಪಿತು, ಮೂರನೆಯ ಸಲ ಕತ್ತರಿಸಿದಿರಿ.

ಸಾರಿ ಬದುಕಿದಳು. ಒಂದು ತಿಂಗಳು ನರಳಿ, ಕೂದಲೆಲ್ಲ ಉದುರಿ, ಬದುಕಿದಳು. ಅವಳಿಗೇನಾದರೂ ಆಗಿದ್ದರೆ ನಾನು ನಿಜ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎನ್ನಲು ಆಸೆ. ಆದರೆ ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೇನೋ.

ಆ ಆರು ತಿಂಗಳು ನೀವು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಚಪ್ಪಲಿ ಬಿಡುವ ಕಡೆ, ಬಾಗಿಲಿಗೆ ಒರಗಿ ಕೂರುತ್ತಿದ್ದಿರಿ. ಪ್ರಭು ಭೋಜನದ ಎರಡು ಭಾನುವಾರವೂ ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗಿ ನಿಂತಿರಿ. ನಾನು ಮುಂದೆ ಮೊಣಕಾಲೂರಿ ಕೈ ಚಾಚಿದೆ. ಪ್ರಭುವಿನ ರೊಟ್ಟಿಯನ್ನು ಅಯೋಗ್ಯವಾಗಿ ತಿನ್ನುವವರಿಗೆ ಶಿಕ್ಷೆ ತಪ್ಪದೆಂಬ ವಚನವನ್ನು ಹೆಂಗಸರಿಗೆ ಬಾಯಿಪಾಠ ಮಾಡಿಸಿದವಳು ನಾನು. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಸಲೀಸಾಗಿ ಇಳಿಯಿತು, ಎರಡು ಸಲವೂ.

ಆಮೇಲಿನ ಚೀಟಿಯ ಶನಿವಾರ ನಿಮ್ಮ ಹೆಸರಿನ ಚೀಟಿ ಬಂತು. ನಾನು ಎಲ್ಲರ ಮುಂದೆ ಅದನ್ನು ಚಾಚಿ, "ತಗೋ ಲೇಯಾ, ದೇವರು ಕ್ಷಮಿಸ್ಯಾನೆ" ಎಂದೆ. ನನಗಿಂತ ಐದು ವರ್ಷ ದೊಡ್ಡವರು ನೀವು, ಒಂದು ದಿನವೂ ಅಕ್ಕ ಎಂದವಳಲ್ಲ ನಾನು. ನೀವು ಹತ್ತಿರ ಬಂದಿರಿ. ಚೀಟಿ ನೋಡಿದಿರಿ, ಮುಟ್ಟಲಿಲ್ಲ.

"ನಿಮ್ಮತ್ರಾನೇ ಇರ್ಲಿ ಅಮ್ಮೋರೆ. ನಿಮಿಗೇ ಬೇಕಾಗ್ತೈತೆ."

ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಿರಿ. ಅದು ಚುಚ್ಚುಮಾತೋ, ಕನಿಕರವೋ — ನನಗೆ ಇವತ್ತಿಗೂ ತಿಳಿಯದು. ಅದಾದ ಸ್ವಲ್ಪ ದಿನಕ್ಕೇ ಗಂಡನೊಡನೆ ಕುರಿ ಹೊಡೆದುಕೊಂಡು ಬಿಳಿಚೋಡಿಗೆ ಹೋದಿರಿ. ಸಾರಿ ಮಾತ್ರ ಆಮೇಲೆ ನಮ್ಮ ಶಾಲೆಗೆ ಬಂದು ನಾಲ್ಕು ವರ್ಷ ನನ್ನ ಮನೆಯಲ್ಲೇ ಉಂಡು ಓದಿದಳು. ನೀವು ಅವಳನ್ನು ನನ್ನ ಹತ್ತಿರವೇ ಕಳಿಸಿದಿರಿ! ಅವಳಿಗೆ ಏನೂ ಹೇಳಿರಲಿಲ್ಲ. ಅವಳು ಅಮ್ಮೋರೆ ಎಂದು ಕರೆದಾಗಲೆಲ್ಲ ಹೇಳಿಬಿಡಬೇಕೆನ್ನಿಸುತ್ತಿತ್ತು. ಹೇಳುವ ಬದಲು ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಯಜಮಾನರಿಗೆ ಹೇಳಿದೆ. ಅಂಗಿಯನ್ನೂ ತೋರಿಸಿದೆ — ಯೋನನಿಗೆ ಈಗ ಹದಿನೈದು, ಆ ಅಂಗಿ ನನ್ನ ಪೆಟ್ಟಿಗೆಯ ತಳದಲ್ಲೇ ಇತ್ತು. ಅವರು ಬಿಳಿ ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ. "ಜಗಳೂರಾಗೆ ನಾ ಅತ್ತಿದ್ದೆ, ಎಸ್ತೇರ" ಎಂದರು, ಅಷ್ಟೇ. ಆಮೇಲೆ ಮುಂದಿನ ವಿಚಾರಣೆಗೆಂದು ಹೆಸರು ಬರೆದಿಟ್ಟಿದ್ದ ಹೆಂಗಸರ ಚೀಟಿಯ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ನನ್ನ ಹೆಸರಿನ ಚೀಟಿಯೂ ಅದರಲ್ಲೇ ಇದೆ, ನಾನು ಕೇಳಲಿಲ್ಲ.

ಬರುವ ಶನಿವಾರ ಇದನ್ನು ಚನ್ನಗಿರಿಯ ಸಭೆಯಲ್ಲಿ ಓದುತ್ತೇನೆ. ಆಮೇಲೆ ಹೊನ್ನಾಳಿ, ನ್ಯಾಮತಿ. ಕಡೆಗೆ ಜಗಳೂರು — ಅಲ್ಲಿ ಓದಿದ ಮೇಲೆ ಆ ಕೂಸಿನ ತಾಯಿಯನ್ನು ಹುಡುಕಬೇಕು, ಸಿಕ್ಕರೆ ಏನು ಹೇಳಬೇಕೋ ಗೊತ್ತಿಲ್ಲ. ಅಲ್ಲಿಂದ ಬಿಳಿಚೋಡಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು. ಹಾಗೆ ಗೊತ್ತಿದ್ದುಕೊಂಡೇ ಹನ್ನೊಂದು ವರ್ಷ ಸುಮ್ಮನಿದ್ದೆ.

ನಿಮ್ಮ ಹೆಸರಿನ ಚೀಟಿ ನನ್ನ ಬೈಬಲಿನಲ್ಲಿದೆ. ಅದನ್ನು ತರುತ್ತೇನೆ. ಈ ಸಲ ಮುಟ್ಟಿ ತೆಗೆದುಕೊಳ್ಳಿ, ಅಕ್ಕ, ಅದು ನಿಮ್ಮದು. ನನಗೆ ಚೀಟಿ ಕೊಡುವವರು ಯಾರೋ, ಎಂದಿಗೋ, ಗೊತ್ತಿಲ್ಲ. ಅಲ್ಲಿಯವರೆಗೆ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ, ನೀವು ಒರಗಿ ಕೂರುತ್ತಿದ್ದ ಜಾಗದಲ್ಲಿ ನಾನು ಕೂರುತ್ತೇನೆ. ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತೇನೆ.