ಕೆನ್ನೆಯ ಮೇಲಿನ ಹನಿ

ಮೊಮ್ಮಗಳು ಕಾಲೇಜಿನಿಂದ ಬಂದವಳೇ ಬೆರಳು ತೋರಿಸಿದಳು. ತುದಿ ಕಪ್ಪಾಗಿತ್ತು. ಪ್ರಯೋಗಶಾಲೆಯಲ್ಲಿ ಸಿಲ್ವರ್ ನೈಟ್ರೇಟ್ ತಗುಲಿತ್ತಂತೆ. ಆ ಕಪ್ಪು ನನಗೆ ಗೊತ್ತು... ನಮ್ಮ ರಸಾಯನಶಾಸ್ತ್ರದ ಮಾಸ್ತರರನ್ನು ಮರೆತಿದ್ದೇನೆ ಎಂದುಕೊಂಡಿದ್ದೆ. ಎಲ್ಲಿಯ ಮರೆವು!

ಗದಗಿನ ಕಾಲೇಜಿನಲ್ಲಿ ಅವರು ಯಾರ ಮೇಲೂ ಬೆತ್ತ ಎತ್ತಿದವರಲ್ಲ. ತಪ್ಪು ಬರೆದವರ ಅಂಗೈಗೆ ಆ ದ್ರಾವಣದ ಒಂದು ಹನಿ ಬಿಟ್ಟು ಬಿಸಿಲಿಗೆ ಕಳಿಸುತ್ತಿದ್ದರು. ಬಿಸಿಲಿಗೆ ಕಪ್ಪಾದ ಕಲೆ ವಾರಗಟ್ಟಲೆ ಉಳಿಯುತ್ತಿತ್ತು. ಭಾರೀ ಶಿಸ್ತಿನ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು.

ತರಗತಿಯಲ್ಲಿ ನಾವಿಬ್ಬರೇ ಹುಡುಗಿಯರು. ನನ್ನ ಗೆಳತಿ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯ ಮಗಳು. ಒಂದು ದಿನ ಅವಳನ್ನು ಹಲಗೆಯ ಮುಂದೆ ನಿಲ್ಲಿಸಿ ಸಿಲ್ವರ್ ಕ್ಲೋರೈಡಿನ ವಿಲೇಯತಾ ಗುಣಲಬ್ಧ ಬರೆಯಲು ಹೇಳಿದರು. ನೀರಿನಲ್ಲಿ ಕರಗಿದ ಅಯಾನುಗಳ ಸಾಂದ್ರತೆಗಳನ್ನು ಗುಣಿಸಿ ಬರೆದರೆ ಮುಗಿಯಿತು; ಕರಗದೆ ತಳದಲ್ಲಿ ಕುಳಿತ ಲವಣವನ್ನು ಬರೆಯುವಂತಿಲ್ಲ. ಅವಳು ಅದನ್ನೂ ಭಾಗಾಕಾರದ ಗೆರೆಯ ಕೆಳಗೆ ಬರೆದಳು. ಚೀಲದ ತಳ ಕೊಡವಿ ಅಳೆಯುವ ಮನೆಯವಳು, ಪಾಪ.

“ತಳದಾಗ ಉಳದದ್ದು ಬಿಟ್ರ ಲೆಕ್ಕ ಹೆಂಗ ಕೂಡತೈತ್ರಿ ಸರ್?” ಎಂದು ಕೇಳಿಯೂಬಿಟ್ಟಳು. ಹುಡುಗರು ನಕ್ಕರು. ತಮ್ಮನ್ನೇ ನೋಡಿ ನಕ್ಕರೆಂದು ಮಾಸ್ತರರು ತಿಳಿದರು.

ಅವರು ಸೀಸೆ ಹಿಡಿದು ಬಂದಾಗ ಅವಳು ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. “ನಾಳೆ ನನ್ನ ನೋಡಾಕ ಬರ್ತಾರ್ರಿ ಸರ್. ಮದುವಿ ಆದ ಮ್ಯಾಲೂ ಓದಸ್ತೀವಿ ಅಂದಾರ್ರಿ. ಇವತ್ತೊಂದಿನ ಬಿಡ್ರಿ.”

“ಹೌದಾ? ಹಂಗಾರ ಅವರಿಗೂ ಕಾಣ್ಲಿ,” ಎಂದವರೇ ಹನಿಯನ್ನು ಕೆನ್ನೆಗೆ ಇಟ್ಟರು. ಹಣೆಗಿಟ್ಟಿದ್ದರೆ ಕುಂಕುಮದಲ್ಲಾದರೂ ಮುಚ್ಚಬಹುದಿತ್ತು. ಅದು ಅವರಿಗೂ ಗೊತ್ತಿತ್ತು.

ಅವಳ ತಾಯಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ರಕ್ತ ಬಂತು, ಕಪ್ಪು ಹೋಗಲಿಲ್ಲ. ಗಂಡಿನವರು ಚರ್ಮರೋಗವೆಂದು ತಿಳಿದು ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋದರು. “ಸಾಕು ನಿನ್ನ ಕಾಲೇಜು,” ಎಂದು ಅಪ್ಪ ಪುಸ್ತಕಗಳನ್ನು ಕಸಿದುಕೊಂಡರು.

ಕೆಲವೇ ದಿನಗಳಲ್ಲಿ ಕರ್ನಾಟಕ ಒಂದಾಯಿತು. ಮಾಸ್ತರರು ಕಾಲೇಜಿನ ಅಂಗಳದಲ್ಲಿ ಭಾಷಣ ಮಾಡಿ, “ಇನ್ನ ನಮ್ಮವರು ಒಬ್ಬರೂ ಹೊರಗ ಉಳಿಯಂಗಿಲ್ಲ,” ಎಂದು ಕಣ್ಣೊರೆಸಿಕೊಂಡರು. ಹನಿ ಇಟ್ಟ ಕೈಯಿಂದಲೇ ನನಗೊಂದು ಪೇಢೆ ಕೊಟ್ಟರು. ಅದನ್ನು ಗಟಾರಕ್ಕೆ ಎಸೆದೆ. ಮುಂದೆ ಅವರು ಸತ್ತ ಸುದ್ದಿ ಬಂದಾಗಲೂ ನನ್ನ ಸಿಟ್ಟು ಇಳಿಯಲಿಲ್ಲ.

“ಇದು ಹೋಗತೈತೇನಜ್ಜಿ?” ಮೊಮ್ಮಗಳು ಬೆರಳು ತಿಕ್ಕುತ್ತ ಕೇಳಿದಳು.

“ಹೋಗತೈತವ್ವಾ. ತಾನ ಹೋಗತೈತಿ.”

ಗೆಳತಿಯದೂ ಹೋಗಿತ್ತು. ಹೆಂಡತಿ ಸತ್ತ ಕೊರ್ಲಹಳ್ಳಿಯ ಒಬ್ಬನಿಗೆ ಅವಳನ್ನು ಕೊಟ್ಟರು. ಅರಿಶಿನ ಹಚ್ಚುವಾಗ ನೋಡಿದೆ, ಕೆನ್ನೆ ತಿಳಿಯಾಗಿತ್ತು... ಮೊದಲ ಹೆರಿಗೆಯಲ್ಲೇ ತೀರಿಕೊಂಡಳು.