ಬಸ್ಸಿಗೆ ಕೈ ಮಾಡಿ ರಸ್ತೆ ದಾಟುವುದು

ಕೊಟ್ಟೂರಿನ ಬಸ್‌ಸ್ಟ್ಯಾಂಡಿಗೆ ಹೋಗುವ ದೊಡ್ಡ ರಸ್ತೆಯ ಈ ಮಗ್ಗುಲಿಗೆ ನಮ್ಮ ಮನೆ, ಆ ಮಗ್ಗುಲಿಗೆ ದೊಡ್ಡವ್ವನ ಮನೆ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ನಾನು ಚಿಕ್ಕವಳಿದ್ದಾಗ ಇಲ್ಲಿ ಕೂಗಿದರೆ ಅಲ್ಲಿ ಕೇಳುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುತ್ತಿರಲಿಲ್ಲ. ಲಾರಿ, ಟ್ರ್ಯಾಕ್ಟರ್, ಲಗೇಜ್ ಆಟೊ, ಎತ್ತಿನ ಬಂಡಿ, ಅವುಗಳ ನಡುವೆ ಹಾರ್ನ್ ಮೇಲಿನ ಕೈ ತೆಗೆಯದೆ ಓಡುವ ಖಾಸಗಿ ಬಸ್ಸುಗಳು. ಜನ ನಡೆಯಲೆಂದು ಅಂಚಿಗೆ ಕಲ್ಲು ಹಾಸಿದ್ದಾರೆಂದು ಹೇಳುತ್ತಿದ್ದರು. ಅದರ ಮೇಲೆ ಸದಾ ಈರುಳ್ಳಿ ಚೀಲ, ಪ್ಲಾಸ್ಟಿಕ್ ಕೊಡ ಇರುತ್ತಿದ್ದುದರಿಂದ ನಾನಂತೂ ಆ ಕಲ್ಲನ್ನು ನೋಡಲಿಲ್ಲ.

ದೊಡ್ಡವ್ವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಗ ಸೊಸೆ ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಮಧ್ಯಾಹ್ನ ಅವ್ವ ಹೋಗಿ ಉಣಿಸಬೇಕು. ನಮ್ಮಲ್ಲಿಗೇ ಬಂದಿರು ಅಂದರೆ, "ಗಂಡನ ಮನಿ ಬಿಟ್ಟು ತಂಗಿ ಮನ್ಯಾಗ ಪ್ರಾಣ ಬಿಡ್ಲೇನು? ನಾಕು ಮಂದಿ ಏನಂದಾರು?" ಅಂದುಬಿಟ್ಟಳು. ಹೀಗಾಗಿ ಅವ್ವ ದಿನಾ ರಸ್ತೆ ದಾಟಲೇಬೇಕು. ದಾಟದಿದ್ದರೆ ದೊಡ್ಡವ್ವನಿಗೆ ಊಟವಿಲ್ಲ.

ನಾನು ಬಾಗಿಲಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದೆ. ಅವ್ವ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಕೊಂಡು ಹೊರಟರೆ ನನ್ನ ಕಾಲು ತುಳಿಯುವುದನ್ನು ನಿಲ್ಲಿಸುತ್ತಿತ್ತು. ಮೊದಮೊದಲು ಅವಳು ಅಂಚಿನಲ್ಲಿ ಅನ್ನ ತಣ್ಣಗಾಗುವ ತನಕ ನಿಲ್ಲುತ್ತಿದ್ದಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು. ನಮ್ಮ ಕಡೆಯ ಖಾಸಗಿ ಬಸ್ಸಿನವರು ಗಾಳಿಗೆ ಅಲ್ಲಾಡುವ ಅಂಗಿಗೂ ನಿಲ್ಲಿಸುವ ಪೈಕಿ. ಹಿಂದಿನ ಬಸ್ಸಿನವ ಹತ್ತಿಸಿಕೊಂಡಾನು ಎಂಬ ಭಯ. ಅವ್ವ ಬಸ್ಸು ನೋಡಿ ಕೈ ಮಾಡುವಳು. ಬಸ್ಸು ನಡುರಸ್ತೆಯಲ್ಲೇ ಗಕ್ಕನೆ ನಿಲ್ಲುವುದು, ಹಿಂದಿನ ಲಾರಿ ಟ್ರ್ಯಾಕ್ಟರುಗಳೂ ನಿಲ್ಲಲೇಬೇಕು. ಅವ್ವ ಬಸ್ಸಿನ ಮೂತಿಯ ಮುಂದೆ ಸೆರಗು ಸರಿಮಾಡಿಕೊಳ್ಳುತ್ತ ದಾಟುವಳು.

"ಹತ್ರಿ ಯವ್ವ, ಹರಪನಹಳ್ಳಿ, ಹರಪನಹಳ್ಳಿ!" ಎಂದು ಕಂಡಕ್ಟರ್ ಕೂಗುವನು.

"ನಾ ಎಲ್ಲಿ ಹತ್ಲೆಪ್ಪಾ, ನಮ್ಮಕ್ಕಗ ಉಣಸಬೇಕು. ನಿಂತೆಲ್ಲ, ನಿನ್ನ ಹೊಟ್ಟಿ ತಣ್ಣಗಿರಲಿ," ಎನ್ನುವಳು ಅವ್ವ.

ಇಷ್ಟಕ್ಕೇ ಇದ್ದರೆ ನಡೆಯುತ್ತಿತ್ತೋ ಏನೋ. ಆದರೆ ನಮ್ಮ ಓಣಿಯವರಿಗೆ ಹೇಳಬೇಕೆ! ಹಾಲಿಗೆ ಹೋಗುವವರು, ಸಾಲಿಗೆ ಹೋಗುವ ಹುಡುಗರು, ಬೀಡಿಗೆ ಹೋಗುವ ಗಂಡಸರು, ಎಲ್ಲರೂ ಬಸ್ಸಿಗೆ ಕೈ ಮಾಡಿ ದಾಟುವುದನ್ನು ಕಲಿತರು. ಇವರು ಚಾಪೆ ಕೆಳಗೆ ತೂರಿದರೆ ಬಸ್ಸಿನವರು ರಂಗೋಲಿ ಕೆಳಗೆ ತೂರಿದರು. ಆ ಓಣಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಬಾರದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ. ಅದು ನಮಗೆ ಗೊತ್ತಾದದ್ದು ಅವ್ವ ಬಿದ್ದ ಮೇಲೆ.

ಅವತ್ತು ಅವ್ವ ಕೈ ಮಾಡಿದವಳೇ ಎಂದಿನಂತೆ ರಸ್ತೆಗೆ ಇಳಿದಳು. ಬಸ್ಸು ನಿಲ್ಲಲಿಲ್ಲ, ಪಕ್ಕಕ್ಕೆ ಹೊರಳಿ ಹಾದುಹೋಯಿತು. ಅದರ ಹಿಂದಿದ್ದ ಲಗೇಜ್ ಆಟೊ ಅವ್ವನಿಗೆ ಬಡಿಯಿತು. ಅವ್ವ ಒಂದೇ ಸಲ ಚೀರಿದಳು. ನಾನು ಓಡಿಹೋದಾಗ ಅವಳು ಕೇಳಿದ್ದು, "ಅನ್ನ ಚೆಲ್ಲಿತೇನು?" ನನಗೆ ವಿಪರೀತ ಸಿಟ್ಟು ಬಂತು; ಅದು ಬಸ್ಸಿನವನ ಮೇಲೋ ಅವ್ವನ ಮೇಲೋ ಈಗಲೂ ಹೇಳಲಾರೆ.

ಸೊಂಟದ ಎಲುಬು ಮುರಿದಿತ್ತು. ದಾವಣಗೆರೆಗೆ ಒಯ್ದೆವು. ಅದೇ ವಾರ ನಮ್ಮ ಬಾಗಿಲ ಮುಂದೆ ರಸ್ತೆಗೆ ಹಂಪ್ ಹಾಕಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ದಾವಣಗೆರೆಯ ಹಾಸಿಗೆಯಲ್ಲಿ ಮಲಗಿಯೇ ಅವ್ವ ನಮಗೆಲ್ಲ ಆಣೆ ಹಾಕಿದಳು. "ಅಕ್ಕಗ ಹೇಳಬ್ಯಾಡ್ರಿ. ನನ್ನ ಸಲುವಾಗಿ ಹಿಂಗಾತು ಅಂತ ಎದಿ ಒಡಕೊಂತಾಳ. ಊರಿಗೆ ಹೋಗ್ಯಾಳ ಅನ್ರಿ." ನಾವೂ ಹಾಗೇ ಹೇಳಿದೆವು. ನಾನು ಊರಿಗೆ ವಾಪಸಾಗಿ ಬಟ್ಟಲು ಹಿಡಿದು ಹೋದೆ. ದೊಡ್ಡವ್ವ ಎರಡು ತುತ್ತು ತಿಂದು ಬಾಯಿ ಮುಚ್ಚುತ್ತಿದ್ದಳು. ಬರಬರುತ್ತ ಅದೂ ನಿಂತಿತು. ಮಜ್ಜಿಗೆ ನೀರು ಬಿಟ್ಟರೆ ಏನೂ ಇಳಿಯಲಿಲ್ಲ. ಅವ್ವನನ್ನು ಮನೆಗೆ ಕರೆತಂದು ಮಂಚದ ಮೇಲೆ ಹಾಕಿದ ಮೇಲೆ ಅವಳದೊಂದೇ ಪ್ರಶ್ನೆ, "ಉಂಡ್ಳೇನು?" ಉಂಡಳು ಎನ್ನುತ್ತಿದ್ದೆ.

ಕೊನೆಗೊಂದು ದಿನ ದೊಡ್ಡವ್ವ ಎಡಗೈಯಿಂದ ಬಟ್ಟಲು ದೂಡಿ, ತೊದಲುವ ನಾಲಿಗೆಯಲ್ಲೇ ಅಂದಳು, "ಸಾಕು ಮಾಡ್ಲೇ ಹುಡುಗಿ. ನನ್ನ ಗಂಡ ಸತ್ತಾಗ ನಮ್ಮತ್ತಿಗೆ ನಾವು ಹೇಳಿದ್ದೂ ಹಿಂಗ, ಊರಿಗೆ ಹೋಗ್ಯಾನ ಅಂತ. ಆವತ್ತು ರಸ್ತ್ಯಾಗ ನನ್ನ ತಂಗಿ ಚೀರಿದ್ದು ನನಗ ಕೇಳೈತಿ. ಎಲ್ಲಿ ಮಣ್ಣು ಮಾಡಿದ್ರಿ, ಅಷ್ಟು ಹೇಳು."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಅವಳು ಹಸಿವೆ ಇಲ್ಲದೆ ಮಲಗಿದ್ದಾಳೆ ಅಂದುಕೊಂಡಿದ್ದೆವು. ಅವಳು ತಂಗಿಯ ಸಾವಿಗೆ ಅತ್ತು ಮುಗಿಸಿದ್ದಳು. ಜೀವಂತ ಅದಾಳ, ಸೊಂಟ ಮುರಿದೈತಿ ಎಂದು ಎಷ್ಟು ಹೇಳಿದರೂ, ಸುಳ್ಳು ಹೇಳಿದ ಬಾಯನ್ನು ಅವಳು ಯಾಕೆ ನಂಬಬೇಕು?

ಸಂಜೆ ಅವಳ ಮಗ, ನಾನು, ಓಣಿಯ ನಾಲ್ಕು ಜನ ಸೇರಿ ಎರಡೂ ಮನೆಯ ಮಂಚಗಳನ್ನು ಎತ್ತಿ ಬಾಗಿಲಿಗೆ ತಂದೆವು. ಅವ್ವ ಈಚೆ ಹೊಸ್ತಿಲಲ್ಲಿ, ದೊಡ್ಡವ್ವ ಆಚೆ ಹೊಸ್ತಿಲಲ್ಲಿ. ನಡುವೆ ಲಾರಿಯ ಹಿಂದೆ ಲಾರಿ, ಟ್ರ್ಯಾಕ್ಟರಿನ ಹಿಂದೆ ಬಸ್ಸು. ನಾನು ದೊಡ್ಡವ್ವನ ಕುತ್ತಿಗೆ ಎತ್ತಿ ಹಿಡಿದುಕೊಂಡು ಕೂತೆ. ಹೊಟ್ಟಿನ ಟ್ರ್ಯಾಕ್ಟರೊಂದು ಹಂಪ್ ಹತ್ತಿ ಇಳಿದು ಸರಿದ ಮೇಲೆ ಸ್ವಲ್ಪ ಹೊತ್ತು ರಸ್ತೆ ಖಾಲಿಯಾಯಿತು.

ದೊಡ್ಡವ್ವ ಕಣ್ಣು ಕಿರಿದು ಮಾಡಿ ಅವ್ವನನ್ನು ನೋಡಿದಳು.

"ಎಷ್ಟು ಸೊರಗ್ಯಾಳಲೇ," ಅಂದಳು. "ಆಕಿಗೆ ಯಾರು ಉಣಸ್ತಾರ?"

"ನಾನೇ," ಎಂದು ಬಟ್ಟಲಿನಿಂದ ಒಂದು ತುತ್ತು ಎತ್ತಿ ಹಿಡಿದೆ. ಆಗ ಬಾಯಿ ತೆರೆದಳು.