ಹೊಸ್ತಿಲಾಚೆ ನಿಂತು ಕಲಿಸಿದ ಅಡುಗೆ

ತೊಗರಿ ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಹಸಿಯೂ ಅಲ್ಲ, ಪೂರ್ತಿ ಸೀದದ್ದೂ ಅಲ್ಲ. ಇವತ್ತು ಬೆಳಿಗ್ಗೆ ಸೇಡಂನ ನನ್ನ ಅಡುಗೆಮನೆಯಲ್ಲಿ ಆ ವಾಸನೆ ಎದ್ದ ಕೂಡಲೇ ತಿರುಗಿ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಯಾರಿರಬೇಕು? ಆದರೂ ಬೇಳೆ ಉಕ್ಕಿದಾಗಲೆಲ್ಲ ನನ್ನ ಕತ್ತು ತಾನಾಗಿ ಹೊಸ್ತಿಲ ಕಡೆ ಹೊರಳುತ್ತದೆ...

ನಾನು ಚಿಕ್ಕವಳಿದ್ದಾಗ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ಗಂಡ ಗಾರ್ಡ್. ನಮಗೆ ಅವರು ಬಾಜೂ ಮನೆ ಆಂಟಿ. ಕ್ರಿಸ್‌ಮಸ್ ಬಂದರೆ ಇಡೀ ಓಣಿಗೆ ಕರ್ಚಿಕಾಯಿ ಹಂಚುತ್ತಿದ್ದರು. ನಮ್ಮ ಮನೆಗೆ ಮಾತ್ರ ತಟ್ಟೆಯಲ್ಲಿ ರವೆ, ಸಕ್ಕರೆ, ಒಂದು ತೆಂಗಿನಕಾಯಿ. ನಮ್ಮದು ಮಡಿಯ ಮನೆ. ಬೇರೆಯವರು ಬೇಯಿಸಿದ್ದನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಆಂಟಿ ಒಮ್ಮೆಯೂ ಮುಖ ಸಣ್ಣ ಮಾಡಿದ್ದು ನೆನಪಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಅಮ್ಮ ಆಪರೇಷನ್ ಆಗಿ ಕಲಬುರಗಿಯ ದವಾಖಾನೆಯಲ್ಲಿ ಉಳಿದಳು. ಅಪ್ಪನೂ ಅಲ್ಲೇ. ಮನೆಯಲ್ಲಿ ನಾನು ಮತ್ತು ಅಜ್ಜಿ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದು ಒಲೆಯ ಉರಿಯೂ ಕಾಣುತ್ತಿರಲಿಲ್ಲ. ಬರೀ ಹಾಲು, ಬಾಳೆಹಣ್ಣಿನ ಮೇಲೆ ದಿನ ದೂಡುತ್ತಿದ್ದವಳು ಒಂದು ಬೆಳಿಗ್ಗೆ ದೇವರ ಮನೆಯಿಂದ ಬರುವಾಗ ಗೋಡೆ ಹಿಡಿದು ಕುಸಿದು ಕೂತಳು. ಅಜ್ಜಿ ಸತ್ತೇ ಹೋಗುತ್ತಾಳೆ ಎಂದುಕೊಂಡು ನಾನು ಅಳುತ್ತ ಬಾಜೂ ಮನೆಗೆ ಓಡಿದೆ.

ಆಂಟಿ ಬಂದು ಅಡುಗೆಮನೆಯ ಹಿತ್ತಲ ಬಾಗಿಲಲ್ಲಿ ನಿಂತರು.

"ಅಮ್ಮ, ಕೂಸು ಜಳಕ ಮಾಡಿ ಅಡಿಗಿ ಮಾಡಿದ್ರ ನಿಮಗ ನಡೀತದೇನ್ರಿ?"

"ಆಕಿಗೆಲ್ಲಿ ಬರ್ತದವ್ವ ಅಡಿಗಿ?" ಎಂದಳು ಅಜ್ಜಿ.

"ನಾ ಇಲ್ಲೇ ಹೊರಗ ನಿಂತು ಹೇಳ್ತೀನ್ರಿ."

ಹಾಗೆ ಶುರುವಾಯಿತು ನನ್ನ ಅಡುಗೆ ಪಾಠ. ಮೊದಲ ದಿನದ ಅನ್ನದಿಂದ ಲಕೋಟೆ ಅಂಟಿಸಬಹುದಿತ್ತು. ಅಜ್ಜಿ ಅದನ್ನೇ ಕಲಸಿ ಉಂಡಳು. ಆಂಟಿಗೆ ವಾಸನೆಯಿಂದಲೇ ಎಲ್ಲ ತಿಳಿಯುತ್ತಿತ್ತು. "ಬ್ಯಾಳಿ ಉಕ್ಕಾಕತ್ತದ, ಮುಚ್ಚಳ ಸರಸು," ಎನ್ನುತ್ತಿದ್ದರು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಬಿಟ್ಟರೆ ಎಲ್ಲಿ ತಾವಾಗಿ ಒಳಗೆ ಬಂದುಬಿಡುತ್ತವೋ ಎಂಬಂತೆ.

ಬಿಸಿಲಲ್ಲಿ ಹಾಗೆ ನಿಂತಿದ್ದನ್ನು ನೋಡಿ ಒಮ್ಮೆ ಕೇಳಿದೆ: "ಆಂಟಿ, ನಮ್ಮ ಸಲುವಾಗಿ ನಿಮಗ್ಯಾಕ ಇಷ್ಟು ತ್ರಾಸು?"

"ನಮ್ಮ ಯೇಸುಸ್ವಾಮಿ ನೆಲಕ್ಕ ಕುಂತು ಶಿಷ್ಯರ ಕಾಲು ತೊಳದಾನವ್ವ," ಎಂದರು. "ನಾ ಬರೇ ಬಾಗಲದಾಗ ನಿಂತೀನಿ. ಸಾಸಿವಿ ಸಿಡದ್ವೇನು ನೋಡು."

ಆ ವಾರದ ಶುಕ್ರವಾರ ನನ್ನ ಗಮನ ಎಲ್ಲಿತ್ತೋ, ಬೇಳೆ ಉಕ್ಕಿತು. ಗಾಬರಿಯಲ್ಲಿ ಬರಿಗೈಯಲ್ಲೇ ಪಾತ್ರೆ ಹಿಡಿದು ಚೀರಿದೆ. ಮರುಕ್ಷಣ ಆಂಟಿ ಒಳಗಿದ್ದರು. ಒಲೆ ಆರಿಸಿ, ನನ್ನ ಕೈ ಹಿಡಿದು ಪಕ್ಕದಲ್ಲಿದ್ದ ಕೊಡದ ನೀರಿನಲ್ಲಿ ಅದ್ದಿದರು. ಆಮೇಲೆ ಇಬ್ಬರಿಗೂ ಅರಿವಾಯಿತು, ಅದು ಮಡಿ ನೀರಿನ ಕೊಡ. ನನ್ನ ಕೈಯ ಜೊತೆ ಅವರ ಕೈಯೂ ಅದರಲ್ಲಿತ್ತು.

ಪಡಸಾಲೆಯಲ್ಲಿದ್ದ ಅಜ್ಜಿಗೆ ಕಣ್ಣು ಕಾಣದು. ಆಂಟಿ ಸುಮ್ಮನೆ ಹೊರಗೆ ಹೋಗಿದ್ದರೆ ತಿಳಿಯುತ್ತಲೇ ಇರಲಿಲ್ಲ. ನಾನಂತೂ ಹೇಳುತ್ತಿರಲಿಲ್ಲ. ಅವರು ಹೇಳಿದರು.

"ಅಮ್ಮ, ನಾ ಒಳಗ ಬಂದೀನ್ರಿ. ಕೂಸಿನ ಮುಟ್ಟೀನಿ, ನಿಮ್ಮ ಕೊಡಾನೂ ಮುಟ್ಟೀನಿ. ಹೇಳಲಾರದ ನಿಮಗ ಹ್ಯಾಂಗ ಉಣಸ್ಲಿ?"

ಅಜ್ಜಿ ಗೋಡೆ ತಡವುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಇನ್ನು ಮತ್ತೆ ಹಾಲು, ಬಾಳೆಹಣ್ಣೇ ಗತಿ ಎಂದು ನನ್ನ ಜೀವ ಹಾರಿಹೋಯಿತು.

"ಕೂಸಿನ ಕೈ ಹ್ಯಾಂಗದ?"

"ಉರಿ ಅದ ಅಷ್ಟರಿ. ಬೊಬ್ಬಿ ಎದ್ದಿಲ್ಲ."

"ಹಂಗಾರ ನನಗ ಬಡಸು ನಡಿ," ಎಂದಳು ಅಜ್ಜಿ ನನಗೆ. "ಆಕಿಗೂ ಒಂದು ತಾಟು ಹಾಕು."

ಆಂಟಿಯ ಕಣ್ಣು ತುಂಬಿದವು. "ಇವತ್ತ ನಮ್ಮದು ಶುಭ ಶುಕ್ರವಾರರಿ ಅಮ್ಮ. ಉಪಾಸ ಇದ್ದೀನಿ. ಹಬ್ಬ ಆದಮ್ಯಾಲ ಬಂದು ಉಣ್ತೀನಿ."

ಏಕಾದಶಿಗೆ ತೊಟ್ಟು ನೀರೂ ಕುಡಿಯದ ಅಜ್ಜಿ ತಲೆದೂಗಿದಳು. "ಉಪಾಸ ಮುರೀಬಾರ್ದವ್ವ. ಆದ್ರ ಬರ್ಬೇಕು ಮತ್ತ." ಆ ದಿನ ಅಜ್ಜಿ ಹೊಟ್ಟೆ ತುಂಬ ಉಂಡಳು.

ಮರುದಿನವೇ ಅಪ್ಪ ಅಮ್ಮನನ್ನು ಕರೆತಂದ. ಮನೆ ತುಂಬ ನೆಂಟರು. ಒಲೆ ಚಿಕ್ಕಮ್ಮಂದಿರ ಪಾಲಾಯಿತು. ಇವತ್ತು ಕರೆಯೋಣ, ನಾಳೆ ಕರೆಯೋಣ ಎನ್ನುವಷ್ಟರಲ್ಲಿ ಆಂಟಿಯ ಗಂಡನಿಗೆ ಸೋಲಾಪುರಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಆಂಟಿ ನನ್ನ ತಲೆ ಸವರಿ, "ಬರ್ತೀನವ್ವ," ಎಂದಿದ್ದರು... ಅಜ್ಜಿ ಕೊನೆತನಕ ಊಟಕ್ಕೆ ಕೂತಾಗ ನಡುನಡುವೆ ಕೇಳುತ್ತಿದ್ದಳು, "ಆಕಿ ಬಂದ್ಲೇನು?"

ಹೋದ ಡಿಸೆಂಬರಿನಲ್ಲಿ ವಾಡಿಗೆ ಹೋಗಿದ್ದೆ. ಚರ್ಚಿನಲ್ಲಿ ಅವರನ್ನು ಬಲ್ಲ ಮುದುಕಿಯೊಬ್ಬರು ಸಿಕ್ಕರು. ಆಂಟಿ ಸೋಲಾಪುರದಲ್ಲೇ ತೀರಿಕೊಂಡು ಕೆಲವು ವರ್ಷವಾಯಿತಂತೆ. ಬಾಯಿ ಸಿಹಿ ಮಾಡಿಕೊಂಡು ಹೋಗು ಎಂದು ಆಕೆ ಕರ್ಚಿಕಾಯಿ ಕೊಟ್ಟರು. ಅಲ್ಲೇ ನಿಂತು ತಿಂದೆ.

ಇವತ್ತು ಒಲೆ ಒರೆಸಿ, ಬೇಳೆಗೆ ಇಂಗಿನ ಒಗ್ಗರಣೆ ಕೊಟ್ಟೆ. ನನ್ನ ಕೈಯ ಸಾರನ್ನು ಎಷ್ಟೋ ಜನ ಬಾಯಿ ಚಪ್ಪರಿಸಿ ಉಂಡಿದ್ದಾರೆ. ಬಾಜೂ ಮನೆ ಆಂಟಿ ಮಾತ್ರ ಉಣ್ಣಲಿಲ್ಲ.